ತಂಡದ ವಾರ್ಷಿಕ ಸ್ನೇಹಕೂಟ: ಬೆಂಚಿನಲ್ಲಿ ಕೂತವರಿಂದ ಶುರು ಮಾಡಿ

ನಮ್ಮ ಕ್ರಿಕೆಟ್ ತಂಡದ ಮೊದಲ ವಾರ್ಷಿಕ ಸ್ನೇಹಕೂಟ ಮುಗಿದಾಗ ರಾತ್ರಿ ಹನ್ನೊಂದರ ಹತ್ತಿರ. ಕ್ಯಾಪ್ಟನ್ ಮೈಕು ಹಿಡಿದು ನಲವತ್ತು ನಿಮಿಷ ಮಾತಾಡಿದ್ದ, ಊಟ ಆರಿ ತಣ್ಣಗಾಗಿತ್ತು, ಮಕ್ಕಳು ಜೋಡಿಸಿಟ್ಟ ಕುರ್ಚಿಗಳ ಮೇಲೇ ನಿದ್ದೆ ಹೋಗಿದ್ದವು. ಸೀಸನ್ ಪೂರ್ತಿ ಬಿಸಿಲಲ್ಲಿ ಕೂತು ಸ್ಕೋರ್ ಪುಸ್ತಕ ಬರೆದ ಹುಡುಗ ಬಾಗಿಲ ಹತ್ತಿರ ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದ. ಅವತ್ತು ಹದಿನಾಲ್ಕು ಬಹುಮಾನ ಕೊಟ್ಟಿದ್ದೆವು, ಒಂದರಲ್ಲೂ ಅವನ ಹೆಸರಿರಲಿಲ್ಲ. ಆ ಪಟ್ಟಿ ಬರೆದವನು ನಾನೇ. ಮುಂದಿನ ಸೀಸನ್‌ಗೆ ಅವನು ಬರಲಿಲ್ಲ. ಕೇಳಿದ್ದಕ್ಕೆ "ಕೆಲಸ ಜಾಸ್ತಿ ಅಣ್ಣ" ಅಂದ.

ಆಮೇಲೆ ಏಳೆಂಟು ಕೂಟ ನಡೆಸಿದ್ದೇನೆ. ದಿನ ಗೊತ್ತು ಮಾಡುವುದರಿಂದ ಹಿಡಿದು ಕುರ್ಚಿ ಹಾಕುವವರೆಗೆ ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ನಮ್ಮ ಹನ್ನೆರಡನೆಯವನಿಗೆ ಇದು ಹೇಗಿರುತ್ತದೆ? ಹನ್ನೆರಡನೆಯವನು ಅಂದರೆ ಆಡುವ ಹನ್ನೊಂದರ ಹೊರಗೆ ಉಳಿದವನು ಮಾತ್ರವಲ್ಲ. ಹೋದ ತಿಂಗಳು ಸೇರಿದ ಹುಡುಗಿ, ಮೊಣಕಾಲು ನೋವಿಗೆ ಅರ್ಧ ಸೀಸನ್ ಮನೆಯಲ್ಲಿದ್ದವರು, ಸ್ಕೋರರ್, ಅಂಪೈರ್, ಯಾರದೋ ಹೆಂಡತಿಯಾಗಿ ಅಥವಾ ಗಂಡನಾಗಿ ಬಂದು ಯಾರ ಗುರುತೂ ಇಲ್ಲದೆ ನಿಂತವರು, ಎಲ್ಲರೂ ಈ ಲೆಕ್ಕಕ್ಕೆ ಸೇರುತ್ತಾರೆ. ಚೆನ್ನಾಗಿ ಆಡುವವರು ಎಲ್ಲಿ ಬಿಟ್ಟರೂ ಖುಷಿಯಾಗಿರುತ್ತಾರೆ, ಅವರ ಚಿಂತೆ ನಿಮಗೆ ಬೇಡ.

ಎರಡು ತಿಂಗಳು ಮುಂಚೆ: ಮೂವರನ್ನು ಹಿಡಿಯಿರಿ

ಒಬ್ಬರೇ ಎಲ್ಲ ಹೊತ್ತುಕೊಂಡರೆ ಕೂಟದ ದಿನ ಆ ಮನುಷ್ಯ ಊಟವನ್ನೂ ಮಾಡುವುದಿಲ್ಲ, ಯಾರ ಜೊತೆ ಮಾತನ್ನೂ ಆಡುವುದಿಲ್ಲ. ಹತ್ತು ಜನರ ಸಮಿತಿ ಮಾಡಿದರೆ ಹನ್ನೊಂದು ಅಭಿಪ್ರಾಯ ಬರುತ್ತದೆ. ಮೂವರು ಸಾಕು: ಜಾಗ ಮತ್ತು ಊಟಕ್ಕೆ ಒಬ್ಬರು, ದುಡ್ಡು ಮತ್ತು ಹಾಜರಿಗೆ ಒಬ್ಬರು, ಕಾರ್ಯಕ್ರಮ ಮತ್ತು ಬಹುಮಾನಕ್ಕೆ ಒಬ್ಬರು. ಯಾರ ಕೆಲಸಕ್ಕೆ ಯಾರ ಮಾತು ಅಂತಿಮ ಎಂದು ಮೊದಲ ದಿನವೇ ಹೇಳಿಬಿಡಿ.

ಈ ಮೂವರಲ್ಲಿ ಕ್ಯಾಪ್ಟನ್ ಇರಬಾರದು. ವರ್ಷವಿಡೀ ಫೋನ್ ಮಾಡಿ ಮಾಡಿ ಆತ ಸುಸ್ತಾಗಿರುತ್ತಾನೆ. ಅದೂ ಅಲ್ಲದೆ ತಂಡದ ಆಯ್ಕೆ ಅವನ ಕೈಯಲ್ಲಿರುವಾಗ ಅವನ ಮಾತಿಗೆ ಬೇಡ ಅನ್ನಲು ಜನ ಹಿಂದೆಮುಂದೆ ನೋಡುತ್ತಾರೆ. ಮೂವರಲ್ಲಿ ಒಬ್ಬರು ಹೊಸಬರಾಗಿರಲಿ. ಹಳಬರು "ಎಲ್ರಿಗೂ ಗೊತ್ತಲ್ಲ" ಎಂದು ಹೇಳದೆ ಬಿಡುವ ಸಂಗತಿಗಳನ್ನು ಹೊಸಬರು ಕೇಳುತ್ತಾರೆ: ಮನೆಯವರನ್ನು ಕರೆತರಬಹುದಾ, ಯಾವ ಬಟ್ಟೆ ಹಾಕ್ಕೋಬೇಕು, ಎಷ್ಟು ಹೊತ್ತಿಗೆ ಮುಗಿಯುತ್ತೆ. ಆಹ್ವಾನದಲ್ಲಿ ಉತ್ತರ ಇರಬೇಕಾದ ಪ್ರಶ್ನೆಗಳೇ ಇವು.

ದಿನ ಗೊತ್ತು ಮಾಡುವುದು

ಕೊನೆಯ ಪಂದ್ಯದ ರಾತ್ರಿಯೇ ಕೂಟ ಇಡಬೇಡಿ. ಸೋತರೆ ಸಪ್ಪೆ ಮುಖ, ಗೆದ್ದರೆ ಅದೊಂದೇ ಮಾತು. ತೀರಾ ತಡವಾದರೂ ಕಷ್ಟ, ಬಿಸಿ ಆರಿಹೋಗುತ್ತದೆ. ಎರಡರಿಂದ ನಾಲ್ಕು ವಾರದ ಒಳಗೆ ಆದರೆ ಒಳ್ಳೆಯದು. ಮಕ್ಕಳ ಪರೀಕ್ಷೆ, ಸಾಲು ರಜೆ, ದೊಡ್ಡ ಟೂರ್ನಿಯ ಫೈನಲ್ ಇವುಗಳನ್ನು ಕ್ಯಾಲೆಂಡರಿನಲ್ಲಿ ಮೊದಲೇ ಹೊಡೆದುಹಾಕಿ.

ಗುಂಪಿನಲ್ಲಿ "ಯಾವ ದಿನ ಆಗಬಹುದು?" ಎಂದು ಬಾಯಿಬಿಟ್ಟು ಕೇಳಿದಿರೋ, ಇನ್ನೂರು ಮೆಸೇಜು ಬರುತ್ತವೆ, ಉತ್ತರ ಬರುವುದಿಲ್ಲ. ಮೂರು ದಿನ ಕೊಟ್ಟು ಪೋಲ್ ಹಾಕಿ, ಬರಲು ಸಾಧ್ಯವಿರುವ ಎಲ್ಲ ದಿನಕ್ಕೂ ಟಿಕ್ ಮಾಡಲು ಹೇಳಿ. ಒಂದೇ ದಿನ ಆರಿಸಿ ಅನ್ನಬೇಡಿ. ಕಾರಣ ಇಷ್ಟೆ. ಇಪ್ಪತ್ತನಾಲ್ಕು ಜನರ ತಂಡ ಅಂದುಕೊಳ್ಳಿ. ಮೊದಲ ದಿನ ಹನ್ನೊಂದು ಜನರಿಗೆ ಬಲು ಇಷ್ಟ, ಆದರೆ ಉಳಿದವರಲ್ಲಿ ಇಬ್ಬರಿಗೆ ಮಾತ್ರ ಬರಲಾಗುತ್ತದೆ. ಇನ್ನೊಂದು ದಿನ ಆರೇ ಜನರ ಮೆಚ್ಚಿನದು, ಆದರೆ ಹತ್ತೊಂಬತ್ತು ಜನ ಬರಬಲ್ಲರು. ಒಂದೇ ಟಿಕ್ ಇದ್ದರೆ ಮೊದಲನೆಯದು ಗೆಲ್ಲುತ್ತದೆ, ಅರ್ಧ ತಂಡ ಮನೆಯಲ್ಲಿರುತ್ತದೆ.

ಪೋಲ್‌ಗೆ ನಾಲ್ಕು ದಿನದ ಗಡುವು ಕೊಡಿ. ಗಡುವು ಮುಗಿದ ಸಂಜೆಯೇ ದಿನ ಘೋಷಿಸಿ. ಘೋಷಿಸಿದ ಮೇಲೆ ಯಾರು ಎಷ್ಟೇ ಗೋಗರೆದರೂ ಬದಲಿಸಬೇಡಿ, ಅದು ಒಳ್ಳೆಯ ಬೌಲರ್ ಆಗಿದ್ದರೂ ಸರಿ. ಒಬ್ಬನಿಗಾಗಿ ದಿನ ಸರಿಸಿದರೆ ಆಗಲೇ ರಜೆ ಹಾಕಿಕೊಂಡ ಮೂವರು ಕೈ ತಪ್ಪುತ್ತಾರೆ.

ತಲೆ ಎಣಿಕೆ

ನನ್ನ ಅನುಭವದಲ್ಲಿ "ಖಂಡಿತ" ಅಂದವರಲ್ಲಿ ಬಹುತೇಕ ಎಲ್ಲರೂ ಬರುತ್ತಾರೆ, "ನೋಡ್ತೀನಿ" ಅಂದವರಲ್ಲಿ ಬಹುತೇಕ ಯಾರೂ ಬರುವುದಿಲ್ಲ. ಊಟ ಹೇಳುವಾಗ "ನೋಡ್ತೀನಿ"ಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅವರಲ್ಲಿ ಇಬ್ಬರು ಬಂದರೂ ಹೇಗೋ ಹೊಂದುತ್ತದೆ.

ಒಂದು ಶೀಟಿನಲ್ಲಿ ಹೆಸರು, ಎಷ್ಟು ದೊಡ್ಡವರು, ಎಷ್ಟು ಮಕ್ಕಳು, ಊಟದಲ್ಲಿ ಏನು ಆಗಿಬರುವುದಿಲ್ಲ, ಹೋಗಿಬರಲು ಏನು ವ್ಯವಸ್ಥೆ, ದುಡ್ಡು ಬಂತೇ ಎಂಬ ಆರು ಕಾಲಮ್ಮು ಸಾಕು. "ಊಟದಲ್ಲಿ ಆಗಿಬರದ್ದು" ಕಾಲಮ್ಮನ್ನು ಖಾಲಿ ಬಿಡಲು ಬಿಡಬೇಡಿ. ಏನೂ ಇಲ್ಲದಿದ್ದರೆ "ಇಲ್ಲ" ಎಂದೇ ಬರೆಸಿ. ಖಾಲಿ ಮನೆ ನೋಡಿ, ಕೇಳಿದ್ದೆವೋ ಇಲ್ಲವೋ ಎಂದು ಕೊನೇ ದಿನ ತಲೆ ಕೆರೆದುಕೊಂಡವನು ನಾನು.

ಗುಂಪಿನಲ್ಲಿ ಉತ್ತರಿಸದೆ ಸುಮ್ಮನಿರುವವರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ. ಇದನ್ನು ಮೆಸೇಜಿನಲ್ಲಿ ಮುಗಿಸಬೇಡಿ. ಸುಮ್ಮನಿರುವವರಲ್ಲಿ ಅರ್ಧ ಜನ ಮರೆತಿರುತ್ತಾರೆ, ಇನ್ನರ್ಧ ಜನ "ನಾನು ಬಂದ್ರೆಷ್ಟು ಬಿಟ್ರೆಷ್ಟು" ಎಂದುಕೊಂಡಿರುತ್ತಾರೆ. "ನೀವು ಬರ್ತೀರಾ ಅಂತ ಕೇಳೋಣ ಅಂತ ಮಾಡ್ದೆ" ಎಂಬ ಎರಡು ನಿಮಿಷದ ಫೋನು ಅವರನ್ನು ಕರೆತರುತ್ತದೆ.

ದುಡ್ಡು

ಖರ್ಚನ್ನು ಎರಡು ಭಾಗ ಮಾಡಿ. ಜಾಗದ ಬಾಡಿಗೆ, ಮೈಕು, ಬಹುಮಾನ ಇವು ಇಪ್ಪತ್ತು ಜನ ಬಂದರೂ ನಲವತ್ತು ಜನ ಬಂದರೂ ಬದಲಾಗುವುದಿಲ್ಲ. ಊಟ, ಪಾನೀಯ ತಲೆಗೆ ಇಷ್ಟೆಂದು ಏರುತ್ತವೆ. ತಲಾ ಚಂದಾ ಹಾಕುವಾಗ ಬದಲಾಗದ ಖರ್ಚನ್ನು ಖಂಡಿತ ಬರುವವರ ಸಂಖ್ಯೆಯಿಂದ ಮಾತ್ರ ಭಾಗಿಸಿ, ಅದಕ್ಕೆ ತಲಾ ಖರ್ಚು ಸೇರಿಸಿ. ನಲವತ್ತು ಜನ ಬರಬಹುದೆಂಬ ಆಸೆಯಲ್ಲಿ ಭಾಗಿಸಿ, ಕೊನೆಗೆ ಮೂವತ್ತೇ ಜನ ಬಂದರೆ ಆ ಭಾಗದಲ್ಲಿ ತಲಾ ಪಾಲು ಮೂರನೇ ಒಂದರಷ್ಟು ಹೆಚ್ಚುತ್ತದೆ. ಆ ಹೆಚ್ಚಿಗೆಯನ್ನು ಆಮೇಲೆ ಕೇಳಿ ಪಡೆಯುವುದು ಯಾರಿಗೂ ಆಗದ ಕೆಲಸ, ಸಂಘಟಕರ ಜೇಬಿಗೇ ಬರುತ್ತದೆ. ಒಟ್ಟು ಮೊತ್ತಕ್ಕೆ ಶೇ. 10ರಷ್ಟು ಮೇಲೆ ಇಟ್ಟುಕೊಳ್ಳಿ. ಉಳಿದರೆ ಮುಂದಿನ ಸೀಸನ್ನಿನ ಚೆಂಡಿಗಾಯಿತು.

ಚಂದಾ ಕೂಟಕ್ಕೆ ಒಂದು ವಾರ ಮುಂಚೆ ಬಂದಿರಲಿ. ದುಡ್ಡು ಕೊಟ್ಟವರು ತಪ್ಪಿಸಿಕೊಳ್ಳುವುದು ಅಪರೂಪ, ಹಾಗಾಗಿ ವಸೂಲಿ ಪಟ್ಟಿಯೇ ನಿಮ್ಮ ನಿಜವಾದ ಹಾಜರಿ ಪಟ್ಟಿ.

ಇಲ್ಲಿ ಎರಡು ಸೂಕ್ಷ್ಮ ಇದೆ. ತಂಡದಲ್ಲಿ ವಿದ್ಯಾರ್ಥಿಗಳಿರುತ್ತಾರೆ, ಕೆಲಸ ಹೋದವರಿರುತ್ತಾರೆ. "ಈ ಸಲ ಕಷ್ಟ ಅನ್ನುವವರು ಖಜಾಂಚಿಗೆ ಒಂದು ಮೆಸೇಜು ಹಾಕಿ, ಬೇರೆ ಯಾರಿಗೂ ಗೊತ್ತಾಗುವುದಿಲ್ಲ" ಎಂದು ಎಲ್ಲರಿಗೂ ಕಳಿಸುವ ಸಂದೇಶದಲ್ಲೇ ಬರೆಯಿರಿ, ಆ ಮಾತು ಉಳಿಸಿಕೊಳ್ಳಿ. ಯಾರು ಕೊಟ್ಟಿಲ್ಲ ಎಂಬ ಪಟ್ಟಿಯನ್ನು ಗುಂಪಿನಲ್ಲಿ ತೂಗುಹಾಕಬೇಡಿ. ಎರಡನೆಯದು, ಮದ್ಯ ಇರುವುದಾದರೆ ಅದರ ಲೆಕ್ಕ ಪೂರ್ತಿ ಬೇರೆ. ಕುಡಿಯದವರು ಕುಡಿಯುವವರ ಬಿಲ್ಲಿಗೆ ಪಾಲು ಕೊಡುವ ಕೂಟದಲ್ಲಿ ವರ್ಷದಿಂದ ವರ್ಷಕ್ಕೆ ಕುಡಿಯುವವರೇ ಉಳಿಯುತ್ತಾರೆ.

ಜಾಗ ನೋಡಲು ಹೋದಾಗ

ಕೂಟ ಯಾವ ಹೊತ್ತಿಗೋ ಅದೇ ಹೊತ್ತಿಗೆ ಹೋಗಿ ನೋಡಿ. ಬೆಳಿಗ್ಗೆ ಹತ್ತಕ್ಕೆ ಚೆನ್ನಾಗಿ ಕಂಡ ಜಾಗದಲ್ಲಿ ಸಂಜೆ ಏಳಕ್ಕೆ ಗೇಟಿನಿಂದ ಬಾಗಿಲವರೆಗೆ ದೀಪವೇ ಇಲ್ಲದಿರಬಹುದು. ಒಳಗೆ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ಸದ್ದು ಗೋಡೆಗೆ ಬಡಿದು ಎರಡು ಮೂರು ಸಲ ತಿರುಗಿ ಬಂದರೆ ಐವತ್ತು ಜನ ಮಾತಾಡುವಾಗ ಪಕ್ಕದವರ ಮಾತೂ ಕೇಳುವುದಿಲ್ಲ. ಶೌಚಾಲಯದ ನಲ್ಲಿ ತಿರುಗಿಸಿ ನೋಡಿ. ಪ್ಲಗ್ ಪಾಯಿಂಟು ಎಲ್ಲಿದೆ, ವೇದಿಕೆಯಿಂದ ಎಷ್ಟು ದೂರ, ಹೆಜ್ಜೆ ಹಾಕಿ ಅಳೆಯಿರಿ. ಬಾಗಿಲಲ್ಲಿ ಎಷ್ಟು ಮೆಟ್ಟಿಲಿವೆ, ಗಾಲಿಕುರ್ಚಿಯಲ್ಲಿ ಬರುವವರು ಅಥವಾ ಕಾಲಿಗೆ ಪಟ್ಟಿ ಹಾಕಿಕೊಂಡ ನಿಮ್ಮದೇ ಆಟಗಾರ ಹೇಗೆ ಹತ್ತುತ್ತಾರೆ ಎಂದು ನೋಡಿ. ಮೈಕನ್ನು ಎಷ್ಟು ಹೊತ್ತಿಗೆ ನಿಲ್ಲಿಸಬೇಕು, ಹೊರಗಿನ ಊಟ ತರಬಹುದೇ, ಸ್ವಚ್ಛ ಮಾಡುವುದು ಯಾರು, ರದ್ದು ಮಾಡಿದರೆ ಮುಂಗಡದಲ್ಲಿ ಎಷ್ಟು ವಾಪಸು, ಈ ನಾಲ್ಕಕ್ಕೂ ಉತ್ತರ ಬರವಣಿಗೆಯಲ್ಲಿ ಬೇಕು. ಬಾಯಿಮಾತಿನ ಮೇಲೆ ಮುಂಗಡ ಕೊಟ್ಟು ಒಂದು ಸಲ ಕಳೆದುಕೊಂಡಿದ್ದೇವೆ.

ದೊಡ್ಡ ಜಾಗದಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಕೂತಿರುವುದಕ್ಕಿಂತ ಸ್ವಲ್ಪ ಇಕ್ಕಟ್ಟೇ ವಾಸಿ. ಇಕ್ಕಟ್ಟಿನಲ್ಲಿ ಜನ ಮಾತಾಡುತ್ತಾರೆ.

ಮೈದಾನದಲ್ಲೋ ತೋಟದಲ್ಲೋ ಮಾಡುವುದಾದರೆ ಅನುಮತಿ ಯಾರದು ಎಂದು ಮೊದಲು ಖಚಿತ ಮಾಡಿಕೊಳ್ಳಿ. ಕತ್ತಲಾಗುವ ಮುಂಚೆ ಪ್ರೊಜೆಕ್ಟರ್ ಹಾಕಿದರೆ ಬಿಳಿ ಪರದೆ ಬಿಟ್ಟು ಇನ್ನೇನೂ ಕಾಣುವುದಿಲ್ಲ. ಮಳೆ ಬಂದರೆ ಎಲ್ಲಿಗೆ ಹೋಗುವುದು ಎಂಬ ಎರಡನೇ ಜಾಗ ಗೊತ್ತಿರಲಿ. ಪಂದ್ಯಕ್ಕಾದರೆ ಮಳೆ ಅಡ್ಡಿಯಾದಾಗ ಗುರಿಯನ್ನು ಲೆಕ್ಕ ಹಾಕಿ ಬದಲಿಸುವ ಡಕ್‌ವರ್ತ್-ಲೂಯಿಸ್ (ಈಗ ಡಕ್‌ವರ್ತ್-ಲೂಯಿಸ್-ಸ್ಟರ್ನ್) ಪದ್ಧತಿ 1997ರಿಂದ ಇದೆ, ಊಟದ ತಟ್ಟೆಗೆ ನೀರು ಬಿದ್ದರೆ ಪರಿಷ್ಕೃತ ಗುರಿ ಕೊಡುವವರು ಯಾರೂ ಇಲ್ಲ. ಗುಡುಗಿನ ವಿಷಯದಲ್ಲಿ ಮಾತ್ರ ತಮಾಷೆ ಬೇಡ. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ ಎಂದರ್ಥ. ಎಲ್ಲರನ್ನೂ ಕಟ್ಟಡದೊಳಗೋ ಮುಚ್ಚಿದ ಕಾರಿನೊಳಗೋ ಕಳಿಸಿ. ಮರದಡಿ, ಟೆಂಟಿನಡಿ ನಿಲ್ಲಿಸಬೇಡಿ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆದ ಮೇಲಷ್ಟೇ ಮೈದಾನಕ್ಕೆ ಮರಳಿ.

ಒಂದಿಷ್ಟು ಆಟ

ಆಟದ ತಂಡದ ಕೂಟದಲ್ಲಿ ಆಟ ಬೇಕೇಬೇಕು ಎಂದೇನಿಲ್ಲ. ಆದರೆ ಮೊದಲ ಒಂದೂವರೆ ಎರಡು ಗಂಟೆ ಆಡಿದರೆ ಮಾತಿಗೆ ಮುಂಚೆ ನಗು ಬರುತ್ತದೆ. ಊಟಕ್ಕೆ ಮುಂಚೆ ಆಡಿ, ಆಮೇಲೆ ಬೇಡ.

ತಂಡ ಹಂಚುವಾಗ ಇಬ್ಬರು ನಾಯಕರು ಎದುರಿಗೆ ನಿಂತು ಒಬ್ಬೊಬ್ಬರನ್ನೇ ಕರೆಯುವ ಪದ್ಧತಿಯನ್ನು ದಯವಿಟ್ಟು ಬಿಡಿ. ಕೊನೆಗೆ ಉಳಿಯುವವರು ಯಾರೆಂದು ಅವರಿಗೂ ಗೊತ್ತು, ನಿಮಗೂ ಗೊತ್ತು. ಹಿಂದಿನ ದಿನವೇ ಹಾಳೆಯ ಮೇಲೆ ಹಂಚಿ: ಆಟ ಚೆನ್ನಾಗಿ ಬಲ್ಲವರಿಂದ ಹೊಸಬರವರೆಗೆ ಸಾಲಾಗಿ ಬರೆದು, ಮೊದಲ ನಾಲ್ವರನ್ನು ಒಂದು, ಎರಡು, ಮೂರು, ನಾಲ್ಕು ಎಂದೂ ಮುಂದಿನ ನಾಲ್ವರನ್ನು ನಾಲ್ಕು, ಮೂರು, ಎರಡು, ಒಂದು ಎಂದೂ ಹಾವಿನಂತೆ ತಿರುಗಿಸುತ್ತಾ ಹಾಕಿದರೆ ತಂಡಗಳು ಸಮವಾಗುತ್ತವೆ. ಆ ಹಾಳೆಯನ್ನು ಹರಿದು ಎಸೆದುಬಿಡಿ.

ನಾಲ್ಕು ತಂಡ ನಾಕೌಟ್ ಆಡಿದರೆ ಮೂರೇ ಪಂದ್ಯ, ಆದರೆ ಅರ್ಧ ಜನ ಒಂದೇ ಪಂದ್ಯಕ್ಕೆ ಹೊರಗೆ ಕೂರುತ್ತಾರೆ. ಎಲ್ಲರೂ ಎಲ್ಲರ ಮೇಲೆ ಆಡಿದರೆ ಆರು ಪಂದ್ಯ. ಹದಿನೈದು ನಿಮಿಷದ ಪಂದ್ಯ, ನಡುವೆ ಐದು ನಿಮಿಷ ಬಿಡುವು ಎಂದರೆ ಎರಡು ಗಂಟೆಯೊಳಗೆ ಮುಗಿಯುತ್ತದೆ. ಇನ್ನೂ ಬೇಗ ಬೇಕಾದರೆ ಪಂದ್ಯದ ಹೊತ್ತನ್ನು ಕತ್ತರಿಸಿ, ಆಡುವವರನ್ನಲ್ಲ.

ಮನೆಯವರು, ಮಕ್ಕಳು ಸೇರುವ ಆಟಕ್ಕೆ ಉಪಕರಣ ಬದಲಿಸಿ. ಕ್ರಿಕೆಟ್ಟಿನ ಗಟ್ಟಿ ಚೆಂಡು ಸುಮಾರು 156ರಿಂದ 163 ಗ್ರಾಂ ತೂಗುತ್ತದೆ, ಟೆನಿಸ್ ಚೆಂಡು 60 ಗ್ರಾಂ ಕೂಡ ಇಲ್ಲ. ಹೆಲ್ಮೆಟ್ಟಿಲ್ಲದೆ ನಿಂತ ಎಂಟು ವರ್ಷದ ಮಗುವಿಗೆ ಆ ವ್ಯತ್ಯಾಸ ಬಹಳ ದೊಡ್ಡದು. ಬ್ಯಾಡ್ಮಿಂಟನ್ನನ್ನು ಬಯಲಿನಲ್ಲಿ ಇಡುವ ಯೋಚನೆಯಿದ್ದರೆ ನೆನಪಿರಲಿ, ಶಟಲ್ ತೂಕ ಐದು ಗ್ರಾಂ ಆಸುಪಾಸು. ಗಾಳಿ ಎತ್ತ ಬೀಸುತ್ತದೋ ಪಾಯಿಂಟು ಅತ್ತ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಮಂಜುಗಡ್ಡೆ, ಆಸ್ಪತ್ರೆಗೆ ಹೋಗಲು ಸಿದ್ಧವಿರುವ ಒಂದು ಗಾಡಿ ಇಷ್ಟು ಇಲ್ಲದೆ ಆಟ ಶುರು ಮಾಡಬೇಡಿ. ವರ್ಷದಿಂದ ಓಡದ ಹಳೆಯ ಆಟಗಾರರು ಮೊದಲ ಓವರಿನಲ್ಲೇ ತೊಡೆ ಹಿಡಿದುಕೊಂಡು ಕೂರುವುದು ಈಗ ನಮ್ಮಲ್ಲಿ ಸಂಪ್ರದಾಯವೇ ಆಗಿದೆ.

ಊಟದ ಸಾಲು

ಏನು ಊಟ ಎಂಬುದು ನಿಮಗೆ ಬಿಟ್ಟದ್ದು. ಹೇಗೆ ಬಡಿಸುತ್ತೀರಿ ಎಂಬುದರಲ್ಲಿ ಕೂಟಗಳು ಎಡವುತ್ತವೆ. ಒಬ್ಬರಿಗೆ ತಟ್ಟೆ ತುಂಬಿಸಿಕೊಳ್ಳಲು ಅರ್ಧ ನಿಮಿಷ ಹಿಡಿದರೆ ಐವತ್ತು ಜನರ ಒಂದೇ ಸಾಲಿನಲ್ಲಿ ಕೊನೆಯವರು ಇಪ್ಪತ್ತೈದು ನಿಮಿಷ ಕಾಯುತ್ತಾರೆ. ಮೇಜನ್ನು ಗೋಡೆಯಿಂದ ಎಳೆದು ಎರಡೂ ಬದಿಯಿಂದ ಬಡಿಸಿದರೆ ಕಾಯುವುದು ಅರ್ಧವಾಗುತ್ತದೆ. ಇದಕ್ಕೆ ಒಂದು ಕಾಸೂ ಖರ್ಚಿಲ್ಲ. ಮಕ್ಕಳು, ಹಿರಿಯರು ಮೊದಲು. ಸಾಲಿನ ಕೊನೆಯಲ್ಲಿ ಮೂವರು ಸಂಘಟಕರು. ಆದರೆ ಅವರ ಪಾಲು ಮೊದಲೇ ಎತ್ತಿಟ್ಟಿರಲಿ.

ಅಡುಗೆಯವರಿಗೆ ಊಟ ತಲುಪಿಸುವ ಹೊತ್ತನ್ನು ಬಡಿಸುವುದಕ್ಕೆ ಅರ್ಧ ಗಂಟೆ ಮುಂಚೆ ಎಂದು ಹೇಳಿ, ಮೂರು ಗಂಟೆ ಮುಂಚೆ ಎಂದಲ್ಲ. ಬೇಯಿಸಿದ ಆಹಾರ ಬಿಸಿ ಇಡುವುದಾದರೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಇರಬೇಕು, ತಣ್ಣಗಿಡುವುದಾದರೆ 5 ಡಿಗ್ರಿಗಿಂತ ಕೆಳಗೆ. ಇವೆರಡರ ನಡುವೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಬಿಡಬಾರದು. ನಮ್ಮ ಕ್ಯಾಪ್ಟನ್ನಿನ ಭಾಷಣ ತಣ್ಣಗಾಗಿಸಿದ ಊಟದಿಂದ ಅವತ್ತು ಯಾರಿಗೂ ಏನೂ ಆಗಲಿಲ್ಲ, ಅದು ಅದೃಷ್ಟ. ಪ್ರತಿ ಪಾತ್ರೆಯ ಮುಂದೆ ಒಂದು ಚೀಟಿ: ಸಸ್ಯಾಹಾರವೋ ಅಲ್ಲವೋ, ಹಾಲು, ಮೊಟ್ಟೆ, ಗೋಧಿ, ಕಡಲೆಕಾಯಿ, ಬೀಜಗಳು ಇವೆಯೋ. ಪಾತ್ರೆಗೊಂದು ಸೌಟು, ಅದಲುಬದಲು ಮಾಡದಂತೆ ಒಬ್ಬರು ನಿಗಾ ಇಡಲಿ. ಬಂದ ಕೂಡಲೇ ಕುಡಿಯಲು ನೀರು, ಬಾಯಾಡಿಸಲು ಏನಾದರೂ ಸಿಗಬೇಕು. ಆಡಿ ಹಸಿದವರು ಭಾಷಣ ಕೇಳುವುದಿಲ್ಲ.

ಕುಡಿದವರು ಗಾಡಿ ಓಡಿಸಬಾರದು. ಯಾರು ಯಾರನ್ನು ಮನೆಗೆ ಬಿಡುತ್ತಾರೆ ಎಂಬುದು ಶೀಟಿನ ಆ ಐದನೇ ಕಾಲಮ್ಮಿನಲ್ಲಿ ಮೊದಲೇ ಇರುತ್ತದಲ್ಲ, ರಾತ್ರಿ ಬಾಗಿಲಲ್ಲಿ ನಿಂತು ವಾದಿಸುವ ಪ್ರಮೇಯ ಬರುವುದಿಲ್ಲ.

ವೇದಿಕೆ ಮತ್ತು ಬಹುಮಾನ

ಇದಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ, ಯಾಕೆಂದರೆ ನಾವು ಕೆಟ್ಟದ್ದು ಇಲ್ಲೇ.

ವೇದಿಕೆಯ ಕಾರ್ಯಕ್ರಮ ಒಟ್ಟು ಒಂದು ಗಂಟೆ ದಾಟಬಾರದು, ಅದನ್ನೂ ಎರಡು ತುಂಡು ಮಾಡಿ. ಊಟಕ್ಕೆ ಮುಂಚೆ ಇಪ್ಪತ್ತು ನಿಮಿಷ, ಊಟವಾದ ಮೇಲೆ ನಲವತ್ತು. ಒಬ್ಬರಿಗೆ ಮೂರು ನಿಮಿಷ. ಮೂರು ನಿಮಿಷವಾದಾಗ ಅಂಪೈರ್ ಎದ್ದು ನಿಂತು ಬೆರಳೆತ್ತಲಿ. ನಾವು ಇದನ್ನು ತಂದ ವರ್ಷ ಕ್ಯಾಪ್ಟನ್ ಎರಡು ನಿಮಿಷ ಐವತ್ತು ಸೆಕೆಂಡಿಗೆ ಮುಗಿಸಿದ, ಔಟ್ ಆಗಬಾರದೆಂಬ ಹಟಕ್ಕೆ. ಲೆಕ್ಕಪತ್ರ, ಪದಾಧಿಕಾರಿಗಳ ಆಯ್ಕೆ, ಮುಂದಿನ ವರ್ಷದ ಶುಲ್ಕ ಇವನ್ನೆಲ್ಲ ಈ ವೇದಿಕೆಗೆ ತರಬೇಡಿ. ಅದಕ್ಕೆ ಬೇರೆ ಸಭೆ ಮಾಡಿ. ಮನೆಯವರ ಎದುರು ಶುಲ್ಕದ ಜಗಳ ನಡೆದರೆ ಮುಂದಿನ ವರ್ಷ ಅವರು ಬರುವುದಿಲ್ಲ.

ಗಂಭೀರ ಬಹುಮಾನ ನಾಲ್ಕೋ ಐದೋ ಸಾಕು. ಅಂಕಿ ಅಂಶದಿಂದ ತೀರ್ಮಾನವಾಗುವ ಎರಡು, ಆಟಗಾರರೇ ಗುಟ್ಟಿನ ಮತ ಹಾಕಿ ಆರಿಸುವ ಒಂದು, ಹೊಸಬರಿಗೆ ಒಂದು. ಗುಟ್ಟಿನ ಮತದಲ್ಲಿ ತಮಗೆ ತಾವೇ ಹಾಕಿಕೊಳ್ಳುವಂತಿಲ್ಲ. ಎಣಿಸುವವರು ಆಡದವರಾಗಿರಲಿ. ಫಲಕದ ಮೇಲೆ ಹೆಸರು ಕೆತ್ತಿಸುವ ಮುಂಚೆ ಕಾಗುಣಿತವನ್ನು ಆ ವ್ಯಕ್ತಿಯ ಆಪ್ತರಿಗೆ ತೋರಿಸಿ. ತಪ್ಪು ಹೆಸರಿನ ಫಲಕ ಗೋಡೆಗೆ ಏರುವುದಿಲ್ಲ, ಬೀರುವಿನಲ್ಲಿ ಮಲಗುತ್ತದೆ.

ಜನ ನೆನಪಿಟ್ಟುಕೊಳ್ಳುವುದು ತಮಾಷೆಯ ಬಹುಮಾನಗಳನ್ನು. ಇವಕ್ಕೆ ಒಳ್ಳೆಯ ವಂಶಾವಳಿಯೂ ಇದೆ. ಕೇಂಬ್ರಿಜ್ ವಿಶ್ವವಿದ್ಯಾಲಯದ ಗಣಿತ ಪರೀಕ್ಷೆಯಲ್ಲಿ ಆನರ್ಸ್ ಪಟ್ಟಿಯ ಕೊನೆಯ ಸ್ಥಾನ ಪಡೆದವನಿಗೆ ಗೆಳೆಯರು ಮರದ ಸೌಟು ಕೊಡುತ್ತಿದ್ದರು. 1909ರಲ್ಲಿ ಆ ಪದ್ಧತಿ ನಿಂತಿತು, ಆದರೆ ರಗ್ಬಿಯ ಸಿಕ್ಸ್ ನೇಷನ್ಸ್ ಪಂದ್ಯಾವಳಿಯಲ್ಲಿ ಕೊನೆಗೆ ಬಂದ ತಂಡಕ್ಕೆ ಇವತ್ತಿಗೂ "ಮರದ ಸೌಟು" ಸಿಕ್ಕಿತು ಅನ್ನುತ್ತಾರೆ. ಟೂರ್ ಡಿ ಫ್ರಾನ್ಸ್ ಸೈಕಲ್ ಓಟದಲ್ಲಿ ಕಟ್ಟಕಡೆಗೆ ತಲುಪುವವನಿಗೆ "ಕೆಂಪು ಲಾಂದ್ರ" ಎಂಬ ಹೆಸರು, ರೈಲಿನ ಕೊನೆಯ ಬೋಗಿಗೆ ತೂಗುತ್ತಿದ್ದ ದೀಪದಿಂದ ಬಂದದ್ದು. ಇನ್ನು ಇಂಗ್ಲೆಂಡ್-ಆಸ್ಟ್ರೇಲಿಯಾ ಟೆಸ್ಟ್ ಸರಣಿಯ ಹೆಸರಾದ ಆಷಸ್, ಅಂದರೆ ಬೂದಿ, ಹುಟ್ಟಿದ್ದೇ ಹಾಸ್ಯದಿಂದ. 1882ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಇಂಗ್ಲೆಂಡ್ ಆಸ್ಟ್ರೇಲಿಯಾಕ್ಕೆ ಸೋತಾಗ ಅಲ್ಲಿನ ಪತ್ರಿಕೆಯೊಂದು ಇಂಗ್ಲಿಷ್ ಕ್ರಿಕೆಟ್ಟಿಗೆ ಸುಳ್ಳು ಶ್ರದ್ಧಾಂಜಲಿ ಅಚ್ಚು ಹಾಕಿ, ದೇಹವನ್ನು ಸುಟ್ಟು ಬೂದಿಯನ್ನು ಆಸ್ಟ್ರೇಲಿಯಾಕ್ಕೆ ಒಯ್ಯಲಾಗುವುದು ಎಂದು ಬರೆಯಿತು. ಆಮೇಲೆ ಆ ಹಾಸ್ಯದ ನೆನಪಿಗೆ ಹುಟ್ಟಿಕೊಂಡ ಬೂದಿಯ ಪುಟ್ಟ ಕರಂಡಕ ಒಂದು ಗೇಣೂ ಎತ್ತರವಿಲ್ಲ.

ತಮಾಷೆಗೆ ನಾನು ಮೂರು ಕಟ್ಟುಪಾಡು ಇಟ್ಟುಕೊಂಡಿದ್ದೇನೆ. ನಗು ಒಂದು ಘಟನೆಯ ಮೇಲಿರಬೇಕು, ದೇಹದ ಮೇಲೆ, ವಯಸ್ಸಿನ ಮೇಲೆ, ಆಟದ ಶಕ್ತಿಯ ಮೇಲೆ ಇರಬಾರದು. "ಅತಿ ಹೆಚ್ಚು ಕ್ಯಾಚ್ ಬಿಟ್ಟವನು" ಎಂಬ ಬಹುಮಾನ ಕೇಳಲು ಸೊಗಸು, ಬಿಟ್ಟವನಿಗೆ ಅಲ್ಲ. "ಎದುರು ತಂಡದ ಬಸ್ಸು ಹತ್ತಿ ಕೂತು ಎರಡು ನಿಲ್ದಾಣ ಹೋದವನು" ಎಂಬುದಕ್ಕೆ ಅವನೇ ಮೊದಲು ನಗುತ್ತಾನೆ. ಎರಡನೆಯದು, ಪಡೆಯುವವರಿಗೆ ಹಿಂದಿನ ದಿನವೇ ಒಂದು ಮಾತು ಕೇಳಿ. ಸೊಲ್ಲು ಒಂದಿಷ್ಟು ಎಳೆದರೂ ಪಟ್ಟಿಯಿಂದ ತೆಗೆದುಬಿಡಿ, ಕಾರಣ ಕೇಳಬೇಡಿ. ಮೂರನೆಯದು, ಮೊದಲ ತಮಾಷೆಯ ಬಹುಮಾನ ಕ್ಯಾಪ್ಟನ್‌ಗೇ ಹೋಗಬೇಕು. ದೊಡ್ಡವರು ನಗಿಸಿಕೊಂಡ ಮೇಲೆ ಚಿಕ್ಕವರಿಗೆ ಧೈರ್ಯ.

ಇಷ್ಟಾದರೂ ಹೆಸರು ಬರದವರು ಉಳಿಯುತ್ತಾರೆ. ಅದಕ್ಕೆ ನಾವು ಚೀಟಿ ಶುರು ಮಾಡಿದೆವು. ಮೂರು ವಾರ ಮುಂಚೆ ಪ್ರತಿಯೊಬ್ಬರಿಗೂ ಇನ್ನೊಬ್ಬರ ಹೆಸರು ಕೊಡುತ್ತೇವೆ, ಆ ಸೀಸನ್ನಿನಲ್ಲಿ ಅವರು ಮಾಡಿದ್ದರ ಬಗ್ಗೆ ಒಂದೇ ಸಾಲು ಬರೆದು ಕಳಿಸಬೇಕು. "ಒಳ್ಳೆಯ ಮನುಷ್ಯ", "ತಂಡದ ಆಸ್ತಿ" ಎಂದು ಬರೆದರೆ ವಾಪಸು. ಕಣ್ಣಿಗೆ ಕಂಡದ್ದು ಬೇಕು. ಹೋದ ಸಲ ಬಂದದ್ದರಲ್ಲಿ ಒಂದು ಹೀಗಿತ್ತು: "ಹನ್ನೊಂದು ಪಂದ್ಯಕ್ಕೆ ಬಂದ, ಮೂರು ಆಡಿದ, ಹನ್ನೊಂದರಲ್ಲೂ ಸ್ಟಂಪು ಹೊತ್ತು ತಂದ." ಓದಿದಾಗ ಒಂದು ಕ್ಷಣ ಯಾರೂ ಚಪ್ಪಾಳೆ ಹೊಡೆಯಲಿಲ್ಲ, ಆಮೇಲೆ ಹೊಡೆದದ್ದು ನಿಲ್ಲಲಿಲ್ಲ. ಮೂವತ್ತು ಚೀಟಿ ಓದಲು ಹತ್ತು ನಿಮಿಷ ಸಾಕು. ಸ್ಕೋರರ್, ಅಂಪೈರ್, ಮೈದಾನ ನೋಡಿಕೊಳ್ಳುವವರು, ಊರು ಬಿಟ್ಟು ಹೋಗುತ್ತಿರುವವರು, ಇವರೆಲ್ಲರ ಚೀಟಿಯೂ ಆ ಕಟ್ಟಿನಲ್ಲಿರಬೇಕು. ಓದುವ ಮುಂಚೆ ಹಾಜರಿ ಪಟ್ಟಿ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಹೆಸರಿಗೆ ಗೆರೆ ಹೊಡೆಯಿರಿ.

ಬಂದವರನ್ನು ಕೂರಿಸುವುದು

ಬಾಗಿಲಲ್ಲಿ ಇಬ್ಬರು ನಿಂತಿರಲಿ. ಹೊಸ ಮುಖ ಬಂದರೆ ಕರೆದೊಯ್ದು ಇನ್ನೊಬ್ಬರ ಕೈಗೆ ಒಪ್ಪಿಸುವುದಷ್ಟೇ ಅವರ ಕೆಲಸ. "ಇವರು ನಮ್ಮ ವಿಕೆಟ್ ಕೀಪರ್ ಮನೆಯವರು, ಇವರಿಗೂ ನಿಮ್ಮ ಹಾಗೆ ಗಿಡ ಬೆಳೆಸೋದು ಅಂದ್ರೆ ಇಷ್ಟ" ಎಂದು ಒಂದು ಎಳೆ ಕೊಟ್ಟು ಬಿಟ್ಟರೆ ಸಾಕು. ಉದ್ದ ಸಾಲಿನ ಬದಲು ಆರೆಂಟು ಜನರ ಗುಂಪಾಗಿ ಕುರ್ಚಿ ಹಾಕಿ. ಮಕ್ಕಳಿಗೆ ಒಂದು ಮೂಲೆ, ಅವರನ್ನು ನೋಡಿಕೊಳ್ಳಲು ಅರ್ಧರ್ಧ ಗಂಟೆಯ ಪಾಳಿ. ಆ ಪಾಳಿಯಲ್ಲಿ ತಾಯಂದಿರ ಹೆಸರಷ್ಟೇ ಇದ್ದರೆ ಹಾಳೆ ಹರಿದು ಮತ್ತೆ ಬರೆಯಿರಿ.

ಎಲ್ಲರ ಫೋಟೋ ಊಟಕ್ಕೆ ಮುಂಚೆಯೇ ತೆಗೆಯಿರಿ, ಆಮೇಲೆ ಒಬ್ಬೊಬ್ಬರೇ ಜಾರುತ್ತಾರೆ. ಮಕ್ಕಳ ಫೋಟೋ ಎಲ್ಲಾದರೂ ಹಾಕುವ ಮುಂಚೆ ಹೆತ್ತವರನ್ನು ಕೇಳಿ.

ಆ ದಿನ

ಎರಡು ಗಂಟೆ ಮುಂಚೆ ಅಲ್ಲಿರಿ. ಒಂದು ಪೆಟ್ಟಿಗೆಯಲ್ಲಿ ಎಕ್ಸ್‌ಟೆನ್ಷನ್ ಬಾಕ್ಸು, ಅಗಲ ಟೇಪು, ಕತ್ತರಿ, ಮಾರ್ಕರ್, ಕಸದ ಚೀಲ, ಫೋನ್ ಚಾರ್ಜರ್, ಮೈಕಿಗೆ ಬೇರೆ ಬ್ಯಾಟರಿ, ಒರೆಸುವ ಬಟ್ಟೆ. ಹಾಜರಿ ಪಟ್ಟಿ ಮತ್ತು ಮುಖ್ಯ ಫೋನ್ ನಂಬರುಗಳು ಕಾಗದದ ಮೇಲಿರಲಿ, ಫೋನು ಕೈಕೊಡುವುದು ಬೇಕಾದಾಗಲೇ. ಮೈಕನ್ನು ಜನ ಬರುವ ಮುಂಚೆ ಕೊನೆಯ ಕುರ್ಚಿಯ ಹತ್ತಿರ ಒಬ್ಬರನ್ನು ನಿಲ್ಲಿಸಿ ಪರೀಕ್ಷಿಸಿ.

ಕರೆಂಟು ಹೋದರೆ ಚೀಟಿಗಳನ್ನು ಟಾರ್ಚಿನ ಬೆಳಕಿನಲ್ಲಿ ಓದಿ. ನಮ್ಮಲ್ಲಿ ಒಮ್ಮೆ ಹಾಗಾಯಿತು, ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು. ಜನ ಕಡಿಮೆ ಬಂದರೆ ಉಳಿದ ಕುರ್ಚಿ ತೆಗೆದು ಗುಂಪನ್ನು ಹತ್ತಿರ ಎಳೆಯಿರಿ, ಬಾರದವರನ್ನು ಬಂದವರ ಮುಂದೆ ಬಯ್ಯಬೇಡಿ. ಯಾರಾದರೂ ಮಿತಿ ಮೀರಿ ಕುಡಿದು ಗಲಾಟೆಗೆ ಬಂದರೆ ಅವರ ಆಪ್ತರೊಬ್ಬರು ಹೊರಗೆ ಕರೆದೊಯ್ಯಲಿ, ಮೈಕಿನಲ್ಲಿ ಬುದ್ಧಿ ಹೇಳುವುದು ಬೇಡ.

ಕುರ್ಚಿ ಎತ್ತುವ ಆರು ಜನರ ಹೆಸರು ಮೊದಲೇ ಬರೆದಿಡಿ. "ಎಲ್ಲರೂ ಸೇರಿ ಎತ್ತೋಣ" ಎಂದರೆ ಯಾರು ಎತ್ತುತ್ತಾರೆ ಗೊತ್ತೇ? ಇಡೀ ಸೀಸನ್ ಸ್ಟಂಪು ಹೊತ್ತವನೇ.

ಮಾರನೆಯ ವಾರ

ಬಿಟ್ಟುಹೋದ ನೀರಿನ ಬಾಟಲಿ, ಮಕ್ಕಳ ಸ್ವೆಟರ್ ಇವುಗಳ ಫೋಟೋ ಮೊದಲು ಹಾಕಿ. ಮೂರು ದಿನದೊಳಗೆ ಎಲ್ಲರ ಫೋಟೋಗಳು, ಒಂದು ವಾರದೊಳಗೆ ಬಂದ ಚಂದಾ, ಆದ ಖರ್ಚು, ಉಳಿಕೆ ಎಂಬ ಮೂರು ಸಾಲಿನ ಲೆಕ್ಕ, ಬಿಲ್ಲುಗಳ ಸಮೇತ. ಬಾರದವರಿಗೂ ಅವರ ಚೀಟಿ ಕಳಿಸಿ. ಏನು ಚೆನ್ನಾಗಿತ್ತು, ಏನು ಬೇಜಾರಾಯಿತು, ಮುಂದಿನ ಸಲ ಏನು ಬೇಡ ಎಂಬ ಮೂರು ಪ್ರಶ್ನೆ ಕೇಳಿ. ಹೆಸರು ಬರೆಯುವ ಅಗತ್ಯವಿಲ್ಲ ಎಂದು ಹೇಳಿ, ಇಲ್ಲವಾದರೆ ಎಲ್ಲರೂ "ಸೂಪರ್" ಎಂದು ಬರೆಯುತ್ತಾರೆ.

ಕೊನೆಗೆ, ಮುಂದಿನ ವರ್ಷದ ಮೂವರಿಗೆ ಒಂದು ಹಳೆಯ ನೋಟ್‌ಬುಕ್ ಕೊಡಿ. ಎಷ್ಟು ಜನ ಬರುತ್ತೇವೆ ಅಂದರು, ಎಷ್ಟು ಜನ ಬಂದರು, ಎಷ್ಟು ಊಟ ಉಳಿಯಿತು, ಮೊದಲನೆಯವರು ಎಷ್ಟು ಹೊತ್ತಿಗೆ ಹೊರಟರು, ಯಾವ ಪ್ಲಗ್ ಪಾಯಿಂಟು ಕೆಲಸ ಮಾಡಲಿಲ್ಲ. ನಮ್ಮ ನೋಟ್‌ಬುಕ್ಕಿನ ಮೊದಲ ಪುಟದ ಮೇಲ್ಗಡೆ, ಬೇರೆ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ನಾನೇ ಬರೆದ ಒಂದು ಸಾಲಿದೆ: ಮೊದಲ ಫೋನು ಸ್ಕೋರರ್‌ಗೆ.